ತಾಲೀಮಿನ ಮನೆಯಲ್ಲಿ ಕ್ಯಾಮೆರಾ



ಹಾಡುವವರನ್ನು, ಬಾರಿಸುವವರನ್ನು ಕುರಿತು ತೆಗೆದ ಸಾಕ್ಷ್ಯಚಿತ್ರಗಳ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಟರು ವೇಷ ಕಟ್ಟಿ ಗಾಯಕರಾಗಿ ನಟಿಸುವ ಸಿನಿಮಾಗಳ ಮಾತು ಇದಲ್ಲ. ಖುದ್ದು ಕಲಾವಿದರು, ಅವರ ಮನೆಯವರು, ಒಡನಾಡಿಗಳು ಕ್ಯಾಮೆರಾದ ಮುಂದೆ ಕೂತು ಹಾಡುವ, ಮಾತಾಡುವ ಚಿತ್ರಗಳ ಮಾತು. ಇವುಗಳಲ್ಲಿ ಎರಡೆರಡನ್ನು ಜೋಡಿಯಾಗಿ ನೋಡಿದರೆ ಒಂದೊಂದನ್ನೇ ನೋಡಿದಾಗ ಕಾಣದ್ದು ಕಾಣುತ್ತದೆ. ಅದಕ್ಕೆ ಬಹಳ ಒಳ್ಳೆಯ ಉದಾಹರಣೆ ನಮ್ಮ ದೇಶದ್ದಲ್ಲ, ಇಂಗ್ಲೆಂಡಿನದು. ಅಲ್ಲಿಂದಲೇ ಶುರು ಮಾಡುತ್ತೇನೆ.

ಲಿವರ್‌ಪೂಲ್ ಎಂಬ ಬಂದರಿನ ಊರಿನ ನಾಲ್ವರು ಹುಡುಗರು ಕಟ್ಟಿದ ವಾದ್ಯಮೇಳ ಬೀಟಲ್ಸ್. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್. 1968ರ ಫೆಬ್ರವರಿಯಲ್ಲಿ ಹೃಷೀಕೇಶಕ್ಕೆ ಬಂದು ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿ ಉಳಿದಿದ್ದರು ಎಂದರೆ ಹಿರಿಯರಿಗೆ ನೆನಪಾದೀತು. ಅವರಲ್ಲಿ ಹ್ಯಾರಿಸನ್ ನಮ್ಮ ಪಂಡಿತ ರವಿಶಂಕರರ ಹತ್ತಿರ ಸಿತಾರ್ ಕಲಿತವರು. ಹೃಷೀಕೇಶದಿಂದ ಹೋದ ಮರುವರ್ಷ, 1969ರ ಜನವರಿ 2ರಂದು, ಈ ನಾಲ್ವರು ಟ್ವಿಕೆನಹ್ಯಾಮ್ ಎಂಬಲ್ಲಿನ ಸಿನಿಮಾ ಸ್ಟುಡಿಯೋದಲ್ಲಿ ತಾಲೀಮಿಗೆ ಕೂತರು. ಹೊಸ ಹಾಡು ಕಟ್ಟುವುದು, ಕೂಡಿ ಬಾರಿಸಿ ಹದ ಮಾಡುವುದು, ಆಮೇಲೆ ಜನರ ಮುಂದೆ ಹಾಡುವುದು, ಇದೆಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಚಿತ್ರೀಕರಿಸುವುದು ಎಂಬುದು ಯೋಜನೆ. ನಿರ್ದೇಶಕ ಮೈಕಲ್ ಲಿಂಡ್ಸೆ-ಹಾಗ್. ಜಾಗ ವಿಶಾಲ, ಚಳಿ ಜಾಸ್ತಿ, ಬೆಳಗ್ಗೆ ಬೇಗ ಬರಬೇಕು. ರಾತ್ರಿ ಹಾಡುವವರನ್ನು ಹೊತ್ತು ಮೂಡುವಾಗ ಎಬ್ಬಿಸಿ ಕೂರಿಸಿದರೆ ಏನಾಗುತ್ತದೋ ಅದೇ ಆಯಿತು. ಜನವರಿ 10ರಂದು ಹ್ಯಾರಿಸನ್ ಎದ್ದು ಹೊರಟುಹೋದರು. ಕೆಲವು ದಿನಗಳ ಮೇಲೆ ತಿರುಗಿ ಬಂದರು. ತಾಲೀಮು ಲಂಡನ್ನಿನ ಸೆವಿಲ್ ರೋ ಬೀದಿಯಲ್ಲಿದ್ದ ಅವರದೇ ಕಂಪನಿಯ ಕಟ್ಟಡದ ನೆಲಮಾಳಿಗೆಗೆ ಸ್ಥಳಾಂತರವಾಯಿತು. ಅಲ್ಲಿಗೆ ಬಿಲ್ಲಿ ಪ್ರೆಸ್ಟನ್ ಎಂಬ ಕೀಬೋರ್ಡ್ ವಾದಕ ಬಂದು ಸೇರಿದ ಮೇಲೆ ಎಲ್ಲರ ಮುಖದಲ್ಲೂ ಗೆಲುವು ಬಂತು. ಜನವರಿ 30ರಂದು ಅದೇ ಕಟ್ಟಡದ ಮಾಳಿಗೆಯ ಮೇಲೆ ನಿಂತು 42 ನಿಮಿಷ ಹಾಡಿದರು. ಬೀದಿಯಲ್ಲಿ ಜನ ನಿಂತು ಮೇಲೆ ನೋಡಿದರು, ಪೊಲೀಸರು ಮೆಟ್ಟಿಲು ಹತ್ತಿ ಬಂದರು. ನಾಲ್ವರೂ ಕೂಡಿ ಬಯಲಲ್ಲಿ ಜನರಿಗೆ ಕೇಳುವಂತೆ ಹಾಡಿದ್ದು ಅದೇ ಕೊನೆ.

ಈ ರೀಲುಗಳಿಂದ ಮೊದಲು ತಯಾರಾದದ್ದು ‘ಲೆಟ್ ಇಟ್ ಬಿ’ ಎಂಬ ಸುಮಾರು 80 ನಿಮಿಷಗಳ ಚಿತ್ರ. ಅದು ತೆರೆಗೆ ಬಂದದ್ದು 1970ರ ಮೇ ತಿಂಗಳಲ್ಲಿ. ಅದಕ್ಕೆ ಒಂದು ತಿಂಗಳು ಮೊದಲಷ್ಟೇ ಮೆಕಾರ್ಟ್ನಿ ಗುಂಪಿನಿಂದ ದೂರವಾದ ಸುದ್ದಿ ಜಗತ್ತಿಗೆಲ್ಲ ಗೊತ್ತಾಗಿತ್ತು. ಮನೆ ಒಡೆದ ಸುದ್ದಿ ಕೇಳಿಕೊಂಡೇ ಜನ ಚಿತ್ರಮಂದಿರಕ್ಕೆ ಹೋದರು. ಪರದೆಯ ಮೇಲೆ ಇಬ್ಬರ ನಡುವೆ ಸಣ್ಣ ಮಾತಿನ ಚಕಮಕಿ ಕಂಡರೆ ‘ನೋಡ್ರಿ, ಇಲ್ಲೇ ಬಿರುಕು ಬಿಟ್ಟದ್ದು’ ಅನ್ನಿಸಿತು. ಅರ್ಧ ಶತಮಾನ ಆ ಚಿತ್ರಕ್ಕೆ ಜಗಳದ ಚಿತ್ರ ಎಂಬ ಹೆಸರೇ ಅಂಟಿಕೊಂಡಿತು.

2021ರ ನವೆಂಬರಿನಲ್ಲಿ ನ್ಯೂಜಿಲೆಂಡಿನ ನಿರ್ದೇಶಕ ಪೀಟರ್ ಜ್ಯಾಕ್ಸನ್ ಅದೇ ಸಾಮಗ್ರಿಯಿಂದ ‘ಗೆಟ್ ಬ್ಯಾಕ್’ ಎಂಬ ಮೂರು ಭಾಗಗಳ ಚಿತ್ರ ಹೊರತಂದರು. ಹೆಚ್ಚುಕಡಿಮೆ 60 ಗಂಟೆಗಳ ಚಿತ್ರ, 150 ಗಂಟೆಗೂ ಮೀರಿದ ಧ್ವನಿಮುದ್ರಣ ಅವರ ಕೈಯಲ್ಲಿತ್ತು. ಅದರಿಂದ ಸುಮಾರು ಎಂಟು ಗಂಟೆಯಷ್ಟು ಆರಿಸಿಕೊಂಡರು. ಇದರಲ್ಲಿ ನಾಲ್ವರೂ ನಗುತ್ತಾರೆ, ಹಳೆಯ ಹಾಡು ತಮಾಷೆಗೆ ಹಾಡುತ್ತಾರೆ, ಚಹಾ ಕುಡಿಯುತ್ತಾರೆ, ಒಬ್ಬರ ಹಾಡನ್ನು ಇನ್ನೊಬ್ಬರು ತಿದ್ದುತ್ತಾರೆ. ನೋಡಿದವರು, ಇಷ್ಟು ಅನ್ಯೋನ್ಯ ಇದ್ದವರು ಯಾಕೆ ದೂರಾದರು ಎಂದು ಕೇಳತೊಡಗಿದರು.

ಇಲ್ಲಿ ಒಂದು ಸಂಗತಿಯನ್ನು ದಯವಿಟ್ಟು ಗಮನಿಸಿ. ಹ್ಯಾರಿಸನ್ ಎದ್ದುಹೋದ ಪ್ರಸಂಗ, ಅಂದರೆ ಆ ತಿಂಗಳ ಅತ್ಯಂತ ಕಹಿ ಘಟನೆ, 1970ರ ಚಿತ್ರದಲ್ಲಿ ಇಲ್ಲವೇ ಇಲ್ಲ. ಅದು ಇರುವುದು 2021ರ ಸಂತೋಷದ ಚಿತ್ರದಲ್ಲಿ! ಕಹಿಯನ್ನು ಬಿಟ್ಟ ಚಿತ್ರ ಕಹಿಯಾಗಿ ಕಂಡಿತು, ಕಹಿಯನ್ನು ಇಟ್ಟುಕೊಂಡ ಚಿತ್ರ ಸಿಹಿಯಾಯಿತು. ಹಾಗಾದರೆ ವ್ಯತ್ಯಾಸ ಘಟನೆಗಳಲ್ಲಿ ಇರಲಿಲ್ಲ. ಆ ಘಟನೆಯ ಹಿಂದೆ ಮುಂದೆ ಎಷ್ಟು ಹೊತ್ತಿನ ಕೆಲಸವನ್ನು ನೋಡುಗನಿಗೆ ತೋರಿಸಿದರು ಎಂಬುದರಲ್ಲಿತ್ತು. ಎಂಬತ್ತು ನಿಮಿಷದಲ್ಲಿ ಒಂದು ನಿಮಿಷದ ಕಿರಿಕಿರಿ ದೊಡ್ಡದಾಗಿ ಕಾಣುತ್ತದೆ. ಎಂಟು ತಾಸಿನಲ್ಲಿ ಅದೇ ಕಿರಿಕಿರಿ, ಕೂಡಿ ದುಡಿಯುವ ಯಾವ ಜಾಗದಲ್ಲೂ ಇರುವಂಥದ್ದು ಅನ್ನಿಸುತ್ತದೆ.

ಜ್ಯಾಕ್ಸನ್ ಅವರ ಚಿತ್ರದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡ ಒಂದು ದೃಶ್ಯವಿದೆ. ಲೆನನ್ ಇನ್ನೂ ಬಂದಿಲ್ಲ. ಮೆಕಾರ್ಟ್ನಿ ಕುರ್ಚಿಯಲ್ಲಿ ಕೂತು ತಮ್ಮ ಬಾಸ್ ವಾದ್ಯದ ತಂತಿಗಳನ್ನು ಒಂದೇ ಸಮನೆ ಮೀಟುತ್ತಿದ್ದಾರೆ. ಬಾಯಲ್ಲಿ ಅರ್ಥವಿಲ್ಲದ ಸದ್ದು. ಎದುರಿಗೆ ಹ್ಯಾರಿಸನ್ ಆಕಳಿಸುತ್ತಿದ್ದಾರೆ. ರಿಂಗೋ ಸುಮ್ಮನೆ ನೋಡುತ್ತಿದ್ದಾರೆ. ಆ ಸದ್ದು ತಿರುತಿರುಗಿ ಬರುತ್ತದೆ, ಒಂದು ತಿರುವು ಸಿಗುತ್ತದೆ, ಅಷ್ಟರಲ್ಲಿ ಆಕಳಿಸುತ್ತಿದ್ದವರು ತಮ್ಮ ಗಿಟಾರು ಎತ್ತಿಕೊಳ್ಳುತ್ತಾರೆ. ಮುಂದೆ ಜಗತ್ತೆಲ್ಲ ಹಾಡಿದ ಹಾಡೊಂದು ನಮ್ಮ ಕಣ್ಣೆದುರೇ ಹುಟ್ಟುತ್ತದೆ. ಅವಸರದ ಸಂಕಲನಕಾರ ಆ ಆಕಳಿಕೆಯನ್ನು ಮೊದಲಿಗೇ ಕತ್ತರಿಸಿ ಒಗೆಯುತ್ತಿದ್ದ. ಆಕಳಿಕೆ ಹೋಗಿದ್ದರೆ ಹುಟ್ಟು ಕೂಡ ಹೋಗುತ್ತಿತ್ತು.

ಹಾಗೆಂದು ಹೊಸ ಚಿತ್ರವೇ ಪೂರ್ತಿ ಸತ್ಯ ಎಂದು ನಾನು ಹೇಳಲಾರೆ. ಅದರ ನಿರ್ಮಾಪಕರ ಸಾಲಿನಲ್ಲಿ ಬದುಕಿರುವ ಇಬ್ಬರು ಕಲಾವಿದರೂ, ತೀರಿಹೋದ ಇಬ್ಬರ ಪತ್ನಿಯರೂ ಇದ್ದಾರೆ. ಮನೆಯವರು ಒಪ್ಪಿ ಕೊಟ್ಟ ಚಿತ್ರದಲ್ಲಿ ಮನೆಯವರಿಗೆ ಬೇಕಾದ ಬೆಳಕು ತುಸು ಹೆಚ್ಚೇ ಬೀಳುತ್ತದೆ. ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಇಂದಿಗೂ ಒಗ್ಗಿಲ್ಲ. ಹ್ಯಾರಿಸನ್ ಹೋದ ಮೇಲೆ ಲೆನನ್ ಮತ್ತು ಮೆಕಾರ್ಟ್ನಿ ಊಟದ ಕೋಣೆಯಲ್ಲಿ ಆಡಿದ ಖಾಸಗಿ ಮಾತನ್ನು, ಹೂಕುಂಡದಲ್ಲಿ ಮೈಕು ಬಚ್ಚಿಟ್ಟು ಲಿಂಡ್ಸೆ-ಹಾಗ್ ಧ್ವನಿಮುದ್ರಿಸಿದ್ದರು. ಐವತ್ತೆರಡು ವರ್ಷಗಳ ಮೇಲೆ ಜ್ಯಾಕ್ಸನ್ ಅದನ್ನು ಕಂಪ್ಯೂಟರಿನಿಂದ ಶುದ್ಧಗೊಳಿಸಿ ನಮಗೆ ಕೇಳಿಸಿದರು. ಆ ಮಾತು ಕೇಳಿದರೆ ಇಬ್ಬರ ಮೇಲೂ ಗೌರವ ಹೆಚ್ಚುತ್ತದೆ, ನಿಜ. ಆದರೂ ಹಾಡುವವರು ಹಾಡಿಗೆ ಒಪ್ಪಿ ಕ್ಯಾಮೆರಾದ ಮುಂದೆ ಬಂದಿರುತ್ತಾರೆ. ಊಟದ ಮೇಜಿನ ಸಂಕಟಕ್ಕಲ್ಲ.

ಇದೆಲ್ಲ ದೂರದ ಮಾತಾಯಿತೆಂದು ಯಾರೂ ತಿಳಿಯಬೇಡಿ. ಮುಧೋಳ, ಜಮಖಂಡಿ ಸೀಮೆಯಲ್ಲಿ ಇವತ್ತು ಪ್ರತಿಯೊಂದು ತಾಲೀಮಿನ ಮನೆಯಲ್ಲೂ ಕ್ಯಾಮೆರಾ ಇದೆ. ಭಜನೆಯ ಮೇಳದ ಹುಡುಗನ ಕಿಸೆಯಲ್ಲೇ ಇದೆ. ನಮ್ಮ ಭಾಗದ ಒಂದು ಮೇಳದಲ್ಲಿ ಹೋದ ಜಾತ್ರೆಯ ಮುಂಚೆ, ಪೇಟಿಯ ಸ್ವರ ಯಾವುದಿರಬೇಕು ಎಂಬುದಕ್ಕೆ ಇಬ್ಬರು ಹಿರಿಯರು ಒಂದಿಷ್ಟು ದನಿ ಏರಿಸಿದರು. ಒಬ್ಬರು ಬಿಳಿ ಎರಡು ಅಂದರು, ಇನ್ನೊಬ್ಬರಿಗೆ ವಯಸ್ಸಾಗಿ ಅಷ್ಟು ಎತ್ತರ ಎಟುಕುತ್ತಿರಲಿಲ್ಲ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟರು. ಹೊತ್ತು ಮುಳುಗುವುದರೊಳಗೆ ‘ಆ ಮೇಳ ಒಡೀತಂತ’ ಎಂಬ ಸುದ್ದಿ ಸುತ್ತಲಿನ ಊರೆಲ್ಲ ಹಬ್ಬಿತು. ಅದೇ ರಾತ್ರಿ ಆ ಇಬ್ಬರೂ ಒಂದೇ ತಾಟಿನಲ್ಲಿ ರೊಟ್ಟಿ ಮುರಿದು ತಿಂದು, ಅರ್ಧ ಸ್ವರ ಇಳಿಸಿ, ಬೆಳಗಿನ ಜಾವದವರೆಗೆ ಹಾಡಿದ್ದನ್ನು ಯಾರೂ ಹಿಡಿಯಲಿಲ್ಲ. ಹಿಡಿದಿದ್ದರೂ ಅಷ್ಟುದ್ದದ್ದನ್ನು ಯಾರು ಕಳಿಸುತ್ತಿದ್ದರು, ಯಾರು ನೋಡುತ್ತಿದ್ದರು?

ಇನ್ನು ನಮ್ಮದೇ ನೆಲದ ಜೋಡಿಚಿತ್ರಗಳಿಗೆ ಬರೋಣ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಎಂಬ ಕೂಸನ್ನು ಇಡೀ ದೇಶ ಕುಮಾರ ಗಂಧರ್ವ ಎಂದು ಕರೆಯಿತು. ಎಳವೆಯಲ್ಲೇ ದೊಡ್ಡ ದೊಡ್ಡ ಗವಾಯಿಗಳ ಹಾಡನ್ನು ಕೇಳಿ ಹಾಗೇ ಹಾಡಿ ತೋರಿಸುತ್ತಿದ್ದ ಹುಡುಗ, ಮುಂಬಯಿಯಲ್ಲಿ ಬಿ. ಆರ್. ದೇವಧರ ಅವರಲ್ಲಿ ಕಲಿತ. 1947ರಲ್ಲಿ ಮದುವೆಯಾಯಿತು, ಬೆನ್ನಿಗೇ ಕ್ಷಯ ಅಂಟಿತು. ಮಧ್ಯಪ್ರದೇಶದ ದೇವಾಸಿಗೆ ಹೋಗಿ ಮಂಚ ಹಿಡಿದರು. ಹಾಡಕೂಡದು ಎಂದು ವೈದ್ಯರ ಅಪ್ಪಣೆ. ಆಗ ಹೊಸದಾಗಿ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧ ಜೀವ ಉಳಿಸಿತು, ಆದರೆ ಒಂದು ಶ್ವಾಸಕೋಶ ಹಾಳಾಗಿಹೋಗಿತ್ತು. ಹಾಡಲಾಗದೆ ಮಲಗಿದ್ದ ಆ ವರ್ಷಗಳಲ್ಲಿ ಕಿವಿಗೆ ಬಿದ್ದದ್ದು ಮಾಳವದ ಹೆಣ್ಣುಮಕ್ಕಳ ಹಾಡು, ಬೀದಿಯಲ್ಲಿ ಹೋಗುವ ನಾಥಪಂಥದ ಜೋಗಿಗಳ ನಿರ್ಗುಣ ಭಜನೆ. ಎದ್ದ ಮೇಲೆ ಅವರು ಹಾಡಿದ ಕಬೀರನಿಗೆ ಮಾಳವದ ಮಣ್ಣಿನ ವಾಸನೆ ಬಂದದ್ದು ಹೀಗೆ.

ಈ ಬದುಕಿನ ಬಗ್ಗೆ ನಾನು ಮತ್ತೆ ಮತ್ತೆ ನೋಡುವ ಚಿತ್ರ ಎರಡು. ಒಂದು, 2005ರಲ್ಲಿ ಜಬ್ಬಾರ್ ಪಟೇಲ್ ಫಿಲ್ಮ್ಸ್ ಡಿವಿಜನ್ನಿಗಾಗಿ ಮಾಡಿದ ‘ಹಂಸ ಅಕೇಲಾ’. ಇನ್ನೊಂದು, ಬೆಂಗಳೂರಿನ ಸೃಷ್ಟಿ ಸಂಸ್ಥೆಯ ಕಬೀರ್ ಯೋಜನೆಯಲ್ಲಿ ಶಬನಮ್ ವೀರಮಾನಿ ಮಾಡಿದ ‘ಕೋಯಿ ಸುನತಾ ಹೈ’. ಕಬೀರನನ್ನು ಹುಡುಕುತ್ತ ಅವರು ತೆಗೆದ ನಾಲ್ಕು ಚಿತ್ರಗಳಲ್ಲಿ ಇದೊಂದು. ಎರಡೂ ಬಂದದ್ದು ಕುಮಾರರು ತೀರಿಕೊಂಡ ಮೇಲೆ. ಅವರು ಹೋದದ್ದು 1992ರ ಜನವರಿ 12ರಂದು.

ಜಬ್ಬಾರ್ ಪಟೇಲ್ ವೃತ್ತಿಯಿಂದ ಮಕ್ಕಳ ವೈದ್ಯರು, ರಂಗಭೂಮಿಯಿಂದ ಬಂದವರು, ‘ಘಾಶೀರಾಮ ಕೋತವಾಲ’ ನಾಟಕವನ್ನು ರಂಗಕ್ಕೆ ತಂದವರು. ಅವರ ಚಿತ್ರದಲ್ಲಿ ಬದುಕು ಕ್ರಮವಾಗಿ ನಡೆದುಬರುತ್ತದೆ: ಹುಟ್ಟು, ಗುರುಮನೆ, ಕಾಯಿಲೆ, ಮರುಹುಟ್ಟು, ಹೊಸ ರಾಗಗಳು. ಬಲ್ಲವರು, ಬಂಧುಗಳು, ಶಿಷ್ಯರು ಒಬ್ಬೊಬ್ಬರಾಗಿ ಬಂದು ತಾವು ಕಂಡದ್ದನ್ನು ಹೇಳುತ್ತಾರೆ. ಕುಮಾರರ ಪರಿಚಯವೇ ಇಲ್ಲದ ಹುಡುಗನಿಗೆ ನಾನು ಮೊದಲು ತೋರಿಸುವುದು ಇದನ್ನೇ. ಆದರೆ ನನಗೊಂದು ತಕರಾರು ಇದೆ. ಹಾಡು ಏರುತ್ತಿರುವಾಗ ಮಾತು ಬರುತ್ತದೆ. ದೊಡ್ಡವರ ಮಾತು, ಬೆಲೆಯುಳ್ಳ ಮಾತು, ಆದರೂ ಹಾಡಿನ ಮೇಲೆ ಬಂದ ಮಾತು. ಬದುಕಿನ ಕಥೆ ಪೂರ್ತಿಯಾಗಿ ಹೇಳಬೇಕೆಂದು ಹೊರಟ ಯಾವ ಚಿತ್ರಕ್ಕೂ ಈ ಸಂಕಟ ತಪ್ಪಿದ್ದಲ್ಲ.

ವೀರಮಾನಿ ಅವರದು ಬೇರೆ ದಾರಿ. ಅವರು ಕುಮಾರರ ಕಥೆ ಹೇಳಲು ಕೂತಿಲ್ಲ. ಕುಮಾರರ ಕಿವಿಗೆ ಬಿದ್ದದ್ದು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೊರಟಿದ್ದಾರೆ. ಆದ್ದರಿಂದ ಚಿತ್ರ ಮಾಳವದ ಹಳ್ಳಿಗಳಿಗೆ ಹೋಗುತ್ತದೆ. ತಂಬೂರಿ ಹಿಡಿದು ಕಬೀರನನ್ನು ಹಾಡುವ ಜನಪದ ಗಾಯಕರ ಜೊತೆ ಕೂರುತ್ತದೆ, ಅಲ್ಲಿಂದ ಶಾಸ್ತ್ರೀಯ ಸಂಗೀತದವರ ಮನೆಗೆ ಬರುತ್ತದೆ. ಈ ಎರಡು ಲೋಕಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂದು ಕೇಳುತ್ತದೆ. ಕುಮಾರರು ಹಳ್ಳಿಯ ಭಜನೆಯನ್ನು ಎತ್ತಿಕೊಂಡು ಸಭಾಂಗಣಕ್ಕೆ ತಂದಾಗ ಭಜನೆಗೆ ಏನಾಯಿತು? ಮೂಲದಲ್ಲಿ ಅದನ್ನು ಹಾಡುತ್ತಿದ್ದವನಿಗೆ ಏನು ಸಿಕ್ಕಿತು? ಇದು ‘ಹಂಸ ಅಕೇಲಾ’ ನೋಡುವಾಗ ನನಗೆ ಹೊಳೆಯದ ಪ್ರಶ್ನೆ. ಕುಮಾರರು ಹುಟ್ಟಿದ ವರ್ಷ, ಪ್ರಶಸ್ತಿ, ಘರಾಣೆಯ ವಿವರ ಬೇಕಾದವರಿಗೆ ವೀರಮಾನಿ ಅವರ ಚಿತ್ರ ಸಾಲದು. ಆದರೆ ರಾತ್ರಿಯಿಡೀ ಭಜನೆ ಮಾಡುವ ಊರಿನಲ್ಲಿ ಬೆಳೆದ ನನಗೆ, ನಮ್ಮ ಹನುಮಪ್ಪನ ಗುಡಿಯ ಕಟ್ಟೆಗೂ ದೇವಾಸಿನ ಆ ಮಹಾಗಾಯಕನಿಗೂ ನಡುವೆ ಒಂದು ಕಾಲುದಾರಿ ಇದೆ ಎಂದು ತೋರಿಸಿಕೊಟ್ಟದ್ದು ಇದೇ. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಭೀಮಸೇನ ಜೋಶಿಯವರ ಬಗ್ಗೆ ಕವಿ ಗುಲ್ಜಾರ್ ಮಾಡಿದ ಚಿತ್ರ, ಮಲ್ಲಿಕಾರ್ಜುನ ಮನಸೂರರ ಬಗ್ಗೆ ನಂದನ್ ಕುಧ್ಯಾಡಿ ಮಾಡಿದ ‘ರಸಯಾತ್ರಾ’ ಇವನ್ನೂ ಜೋಡಿಯಾಗಿ ನೋಡಬೇಕು. ‘ರಸಯಾತ್ರಾ’ 1994ನೆಯ ಸಾಲಿನ ಅತ್ಯುತ್ತಮ ಕಥೇತರ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಮನಸೂರರು ಕನ್ನಡದಲ್ಲಿ ಬರೆದ ‘ನನ್ನ ರಸಯಾತ್ರೆ’ಯನ್ನು ಮೊದಲು ಓದಿ, ಆಮೇಲೆ ಅದನ್ನು ನೋಡಿ. ಅವರು ಧಾರವಾಡ ಆಕಾಶವಾಣಿಯಲ್ಲೇ ಸಂಗೀತ ಸಲಹೆಗಾರರಾಗಿದ್ದವರು. ಈ ಕೇಂದ್ರದ ಕೇಳುಗರಿಗೆ ಅವರ ದನಿಯ ಪರಿಚಯ ನಾನು ಮಾಡಿಕೊಡಬೇಕಿಲ್ಲ.

ಇಲ್ಲಿಯವರೆಗೆ ನಾನು ಹೊತ್ತಿನ ಬಗ್ಗೆಯೇ ಮಾತಾಡಿದೆ. ಉದ್ದವಾಗಿ ತೋರಿಸಿದವರೇ ಸತ್ಯವಂತರು ಎಂದಂತೆ ಕೇಳಿಸಿರಬಹುದು. ಅದಕ್ಕೆ ಎದುರಾಗಿ ಭೀಮಸೇನರ ಬಾಲ್ಯವೇ ನಿಲ್ಲುತ್ತದೆ. 1933ರಲ್ಲಿ, ಹನ್ನೊಂದು ವರ್ಷದ ಆ ಹುಡುಗ ಗದುಗಿನ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಓಡಿಹೋದ. ಅವನ ಮನಸ್ಸನ್ನು ಹಾಗೆ ಹಿಡಿದು ಅಲುಗಾಡಿಸಿದ್ದು ಅಬ್ದುಲ್ ಕರೀಂ ಖಾನರ ಒಂದು ಠುಮ್ರಿಯ ಗ್ರಾಮಫೋನ್ ಪ್ಲೇಟು. ಆ ಕಾಲದ ಪ್ಲೇಟಿನ ಒಂದು ಮಗ್ಗುಲಲ್ಲಿ ಮೂರು ಚಿಲ್ಲರೆ ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಮೂರು ನಿಮಿಷ ಒಂದು ಜೀವನದ ದಿಕ್ಕನ್ನೇ ಬದಲಿಸಿತಲ್ಲ!

ಇದನ್ನು ಬಹಳ ಯೋಚಿಸಿದ್ದೇನೆ. ಆ ಮೂರು ನಿಮಿಷವನ್ನು ಅಳೆದು ತುಂಬಿದವರು ಖುದ್ದು ಖಾನಸಾಹೇಬರು. ಎಲ್ಲಿ ಎತ್ತಬೇಕು, ಎಲ್ಲಿ ಬಿಡಬೇಕು, ಯಾವ ಸ್ವರದ ಮೇಲೆ ನಿಲ್ಲಬೇಕು ಎಂಬುದೆಲ್ಲ ಅವರ ತೀರ್ಮಾನ. ಕುಮಾರ ಗಂಧರ್ವರೂ ಹಾಗೆಯೇ. ಉಸಿರು ಸಾಲದೆಂದು ದೊಡ್ಡ ಆಲಾಪವನ್ನು ಬಿಟ್ಟು ಸಣ್ಣ ಸಣ್ಣ ಸ್ವರಗುಚ್ಛಗಳಲ್ಲಿ ರಾಗ ಕಟ್ಟಿದರು. ಆ ತುಂಡುಗಳು ಅವರವೇ. ಹಾಡುವವನೇ ಚಿಕ್ಕದಾಗಿ ಹಾಡಿದರೆ ಅದು ಪೂರ್ಣವೇ. ಇಡೀ ರಾತ್ರಿ ಹಾಡಿದ್ದರಲ್ಲಿ ಇನ್ಯಾರೋ ಅರ್ಧ ನಿಮಿಷ ಹರಿದುಕೊಂಡರೆ, ಹಾಡುವವನು ಅಲ್ಲಿ ಇರುವುದಿಲ್ಲ. ನಾನು ಸಾಕ್ಷ್ಯಚಿತ್ರದಲ್ಲಿ ಹುಡುಕುವುದು ಇಷ್ಟೇ: ಕತ್ತರಿ ಹಿಡಿದವನು ಹಾಡುವವನ ಉಸಿರು ಕೇಳಿಸಿಕೊಂಡು ಕತ್ತರಿಸಿದ್ದಾನೆಯೇ?

ನಮ್ಮ ಬೀಳಗಿಯಿಂದ ಹೋದ ಅಮೀರಬಾಯಿ ಕರ್ನಾಟಕಿ, ಬಾಲಗಂಧರ್ವರ ಜೊತೆ ರಂಗದ ಮೇಲೆ ನಿಂತ ಅವರ ಅಕ್ಕ ಗೋಹರಬಾಯಿ, ಇವರಿಂದ ನಮಗೆ ಉಳಿದಿರುವುದು ಬಹುಮಟ್ಟಿಗೆ ಇಂಥ ಮೂರು ನಿಮಿಷಗಳೇ. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಲ್ಲಿ ಅಮೀರಬಾಯಿಯವರ ದನಿ ದೇಶದ ಮೂಲೆಮೂಲೆಗೆ ಮುಟ್ಟಿತು. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ. ಆ ಪುಸ್ತಕ ಓದುತ್ತ ನನಗೆ ಬಂದ ಆಸೆ: ಅವರು ಮುಂಬಯಿಯ ಒಂದು ಬೆಳಗ್ಗೆ ಪೇಟಿಯ ಮುಂದೆ ಕೂತು, ಹಾಡು ಇನ್ನೂ ಬಾಯಿಗೆ ಹತ್ತದೆ, ಮತ್ತೆ ಮತ್ತೆ ಅದೇ ಸಾಲು ಎತ್ತಿಕೊಳ್ಳುವ ಹತ್ತು ನಿಮಿಷ ನೋಡುವಂತಿದ್ದರೆ! 1965ರಲ್ಲಿ ಅವರು ತೀರಿಕೊಂಡರು. ಆ ಹತ್ತು ನಿಮಿಷವನ್ನು ಯಾವ ಕಂಪ್ಯೂಟರೂ ತಂದುಕೊಡಲಾರದು.

ಆದರೆ ಪಾರಿಜಾತದ ಮೇಳಗಳು ಇನ್ನೂ ಇವೆ. ಲೋಕಾಪುರದ ಸುತ್ತಮುತ್ತ, ಘಟಪ್ರಭೆಯ ದಂಡೆಗುಂಟ, ಅತ್ತ ಗೋಕಾವಿಯ ಕಡೆಗೆ, ಕೌಜಲಗಿ ನಿಂಗಮ್ಮನವರಂಥ ಕಲಾವಿದೆ ಬೆಳಗಿಸಿದ ಶ್ರೀಕೃಷ್ಣ ಪಾರಿಜಾತವನ್ನು ಆಡುವವರು ಇದ್ದಾರೆ. ಕರಡಿ ಮಜಲಿನವರು ಇದ್ದಾರೆ. ಬನಹಟ್ಟಿ, ರಬಕವಿಯಲ್ಲಿ ಹಗಲೆಲ್ಲ ಮಗ್ಗದ ಸದ್ದಿನಲ್ಲಿ ದುಡಿದು ರಾತ್ರಿ ತಾಳ ಹಿಡಿಯುವ ನೇಕಾರರು ಇದ್ದಾರೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಧ್ವನಿವರ್ಧಕದ ಅಬ್ಬರದಲ್ಲಿ ಇವರ ದನಿ ಕೇಳುವುದಿಲ್ಲ, ಅಷ್ಟೇ. ಇವರನ್ನು ಹುಡುಗರು ಮೊಬೈಲಿನಲ್ಲಿ ಹಿಡಿಯುತ್ತಾರೆ. ಆದರೆ ಹಿಡಿಯುವುದು ಏನನ್ನು? ಕೃಷ್ಣ ಕಿರೀಟ ಇಟ್ಟುಕೊಂಡು ಬಂದದ್ದು, ದೂತಿ ಮತ್ತು ಭಾಗವತರ ಹಾಸ್ಯದ ಒಂದು ತುಣುಕು, ಸೀಟಿ ಬಿದ್ದ ಜಾಗ. ಸತ್ಯಭಾಮೆಯ ಪಾತ್ರಧಾರಿ ಒಂದು ಪದವನ್ನು ಹೇಗೆ ಎಳೆಯಬೇಕೆಂದು ತನ್ನ ಗುರುವಿನಿಂದ ನೂರು ಸಲ ಬೈಸಿಕೊಂಡು ಕಲಿತ ಸಂಜೆ ಯಾರ ಮೊಬೈಲಿನಲ್ಲೂ ಇಲ್ಲ. ಮುಂದಿನ ತಲೆಮಾರಿಗೆ ಪಾರಿಜಾತ ಕಲಿಯಬೇಕೆಂದರೆ ಬೇಕಾಗುವುದು ಆ ಸಂಜೆಯೇ.

ಆದ್ದರಿಂದ ನಮ್ಮ ಸೀಮೆಯ ಹುಡುಗ ಹುಡುಗಿಯರಲ್ಲಿ ನನ್ನ ಕೇಳಿಕೆ ಇದು. ಈ ಸಲ ಸುಗ್ಗಿ ಮುಗಿದು ಮೇಳದವರು ತಾಲೀಮಿಗೆ ಕೂತಾಗ, ಮೊದಲು ಹಿರಿಯರನ್ನು ಕೇಳಿ, ಅವರು ಹ್ಞೂಂ ಅಂದ ಮೇಲೆ, ಮೊಬೈಲನ್ನು ಒಂದು ಸ್ಟೂಲಿನ ಮೇಲೆ ಅಲುಗಾಡದಂತೆ ಇಡಿ. ಪೇಟಿಗೆ ತೀರ ಹತ್ತಿರ ಬೇಡ. ಪೇಟಿ ದನಿಯನ್ನು ನುಂಗುತ್ತದೆ. ಫ್ಯಾನು ಬಂದ್ ಮಾಡಿ. ಆಮೇಲೆ ಅದನ್ನು ಮುಟ್ಟಬೇಡಿ. ಚಹಾ ಬರಲಿ, ತಬಲಾಕ್ಕೆ ಸುತ್ತಿಗೆ ಬೀಳಲಿ, ಯಾರೋ ಆಕಳಿಸಲಿ, ತಪ್ಪಿದ ಜಾಗದಿಂದ ಮತ್ತೆ ಶುರುವಾಗಲಿ. ಬೈಗುಳ ಬಂದರೆ ಬರಲಿ, ಅದನ್ನು ಊರಿಗೆ ಹಂಚಬೇಡಿ, ಆದರೆ ಅಳಿಸಲೂ ಬೇಡಿ. ಮುಗಿದ ಮೇಲೆ ತಾರೀಖು, ಊರು, ಯಾವ ಪ್ರಸಂಗ, ಪೇಟಿ ಯಾರದು, ತಾಳ ಯಾರದು, ಯಾವ ಗುರುವಿನ ಪಾಠ ಎಂಬುದನ್ನು ಒಬ್ಬರ ದನಿಯಲ್ಲಿ ಅದರ ಕೊನೆಗೇ ಹೇಳಿಸಿ. ಒಂದು ಪ್ರತಿಯನ್ನು ಮೇಳದ ಹಿರಿಯರ ಮನೆಯಲ್ಲಿ ಪೆನ್ ಡ್ರೈವಿನಲ್ಲಿ ಕೊಟ್ಟಿಡಿ, ಇನ್ನೊಂದನ್ನು ಬೇರೆ ಮನೆಯಲ್ಲಿ. ಸಂಕಲನ ಮಾಡುವವರು ಇವತ್ತು ಬರಲಿ, ಐವತ್ತು ವರ್ಷದ ಮೇಲೆ ಬರಲಿ, ಅವರ ಕೈಗೆ ಪೂರ್ತಿ ರಾತ್ರಿ ಸಿಗಬೇಕು.